ನೆಂಟರಿಗೆ ಸವರಿದ ದಾರಿ

ಮಾಗಿಯ ಮಂಜು ಇನ್ನೂ ಕರಗಿಲ್ಲ. ಕೊಪ್ಪದ ಪ್ರವಾಸಿ ಮಂದಿರದ ಗೇಟಿನ ಮುಂದೆ ಆಗಲೇ ಜನ ನೆರೆದಿದ್ದಾರೆ. ಒಬ್ಬರ ಕೈಯಲ್ಲಿ ಅರ್ಜಿ, ಇನ್ನೊಬ್ಬರ ಕೈಯಲ್ಲಿ ಹಾರ, ಮತ್ತೊಬ್ಬರ ಕೈಯಲ್ಲಿ ಮಗನ ಮಾರ್ಕ್ಸ್ ಕಾರ್ಡು. ಒಳಗೆ ಬೇರೆ ಜಿಲ್ಲೆಯ ಶಾಸಕರೊಬ್ಬರು ರಾತ್ರಿ ತಂಗಿದ್ದಾರೆ ಎಂಬ ಸುದ್ದಿ ಎಲ್ಲರಿಗೂ ಹೋಗಿದೆ. ಗೇಟು ತೆಗೆಯುವುದನ್ನೇ ಕಾಯುತ್ತ ಎಲ್ಲರೂ ಒಬ್ಬರ ಭುಜಕ್ಕೊಬ್ಬರು ಒತ್ತಿಕೊಂಡು ನಿಂತಿದ್ದಾರೆ.

ಗುಡ್ಡಮ್ಮ ಆ ಗುಂಪಿನಲ್ಲಿಲ್ಲ. ಅವರು ಕಟ್ಟಡದ ಹಿಂದಿನ ರಸ್ತೆಯಲ್ಲಿ, ಮೋರಿಕಟ್ಟೆಯ ಮೇಲೆ ಕೂತು ನಿಧಾನಕ್ಕೆ ಎಲೆಯಡಿಕೆಯ ಕವಳ ಹಾಕುತ್ತಿದ್ದಾರೆ. ತಲೆಗೆ ಸುತ್ತಿದ ಉಣ್ಣೆಯ ಶಾಲು, ಮೊಣಕಾಲಿನ ಕೆಳಗೆ ನಿಂತ ಸೀರೆ, ಕಾಲಿಗೆ ಗಂಡಸರ ರಬ್ಬರ್ ಶೂ. ಐವತ್ತೈದು ದಾಟಿದ ಹೆಂಗಸು. ಸ್ವಲ್ಪ ಹೊತ್ತಿಗೆ ಹಿಂಬಾಗಿಲಿನ ಚಿಲಕ ಸದ್ದಾಗುತ್ತದೆ. ಶಾಸಕರು ಸ್ವೆಟರ್ ಹಾಕಿಕೊಂಡು ವಾಕಿಂಗಿಗೆ ಹೊರಟಿದ್ದಾರೆ. ಗುಡ್ಡಮ್ಮ ಕವಳ ಉಗಿದು, ಬಾಯಿ ಒರೆಸಿಕೊಂಡು ಎದ್ದು ಅವರ ಪಕ್ಕಕ್ಕೆ ಸೇರಿಕೊಳ್ಳುತ್ತಾರೆ. ಟಾರು ಇದ್ದ ಕಡೆ ಅವರನ್ನು ಬಿಟ್ಟು, ಚರಂಡಿಯ ಅಂಚಿನಲ್ಲಿ ತಾವು ನಡೆಯುತ್ತಾರೆ.

"ನಮಸ್ಕಾರ ಸ್ವಾಮಿ. ನಿಲ್ಲೋದು ಬೇಡ, ನಡೀರಿ. ನಿಂತ್ರೆ ಚಳಿ ಹಿಡೀತದೆ."

"ಯಾರಮ್ಮ ನೀವು?"

"ಕಿಗ್ಗದ ಹತ್ರದವಳು. ಗುಡ್ಡಕ್ಕೆ ಜನ ಕರ್ಕೊಂಡು ಹೋಗೋ ಗೈಡ್‌ಗಳ ಕಡೆಯಿಂದ ಬಂದೆ."

"ಓ, ಆ ದಾರೀನಾ! ಮೊನ್ನೆ ನಮ್ಮ ಸಮಿತಿ ಬಂದಾಗ ನೋಡಿದ್ವಲ್ಲಮ್ಮ. ಹೆದ್ದಾರಿ ಇದ್ದಂಗೆ ಐತೆ. ಅದಕ್ಕೆ ಗೈಡ್ ಯಾತಕ್ಕೆ?"

ಗುಡ್ಡಮ್ಮ ತಿರುವಿನ ತನಕ ಜೊತೆಗೆ ನಡೆಯುತ್ತಾರೆ. ಆಮೇಲೆ, "ಇನ್ನೊಂದು ಸಲ ಬನ್ನಿ ಸ್ವಾಮಿ, ಯಾರಿಗೂ ಹೇಳ್ದೆ ಬನ್ನಿ" ಎನ್ನುತ್ತಾರೆ. ಶಾಸಕರು "ನೋಡೋಣ" ಎಂದು ಕೈ ಬೀಸಿ ವಾಪಸು ತಿರುಗುತ್ತಾರೆ. ಗುಡ್ಡಮ್ಮ ಬಸ್‌ಸ್ಟ್ಯಾಂಡಿನ ಕಡೆಗೆ ಹೊರಡುತ್ತಾರೆ.

ಇದು ಅವರ ಕೆಲಸ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನ ಸರ್ಕಾರಿ ಕಾಡು ಮತ್ತು ಗುಡ್ಡಗಳಲ್ಲಿ ಹೊರಗಿನ ಜನಕ್ಕೆ ದಾರಿ ತೋರಿಸಿ ಬದುಕುವ ಸಣ್ಣ ಸಣ್ಣ ಗುಂಪುಗಳಿವೆ. ಕಿಗ್ಗದ ಕಡೆಯವರು ಗುಡ್ಡ ಹತ್ತಿಸುತ್ತಾರೆ. ಕಮ್ಮರಡಿಯವರು ಜೀಪು ಓಡಿಸುತ್ತಾರೆ. ಬೇಗಾರಿನ ಹೆಂಗಸರು ಬುತ್ತಿ ಕಟ್ಟಿಕೊಡುತ್ತಾರೆ. ನರಸಿಂಹರಾಜಪುರದವರು ಹಿನ್ನೀರಿನ ಅಂಚಿನಲ್ಲಿ ಹಕ್ಕಿ ತೋರಿಸುತ್ತಾರೆ. ಕಾಡು ಸರ್ಕಾರದ್ದು, ಕಾಡಿನ ನಿಯಮವೂ ಸರ್ಕಾರದ್ದು. ಆ ನಿಯಮ ಮಾಡುವವರ ಕಿವಿಗೆ ಈ ಗುಂಪುಗಳ ಮಾತು ಮುಟ್ಟಿಸುವವರು ಗುಡ್ಡಮ್ಮ.

ಈಗ ಅವರ ಓಡಾಟವೆಲ್ಲ ಒಂದು ವಾಕ್ಯಕ್ಕಾಗಿ. ಗುಡ್ಡಗಳಿಗೆ ಯಾರು, ಹೇಗೆ ಹೋಗಬೇಕು ಎಂದು ಹೊಸ ನಿಯಮ ತಯಾರಾಗುತ್ತಿದೆ. ಅದರ ಕರಡಿನಲ್ಲಿ, ಹೊರಗಿನಿಂದ ಬಂದವರು ಆಯಾ ಊರಿನ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು ಎಂಬ ಮಾತಿತ್ತು. ಶಾಸಕರ ಸಮಿತಿ ಬಂದು ದಾರಿ ನೋಡಿಕೊಂಡು ಹೋದ ಮೇಲೆ ಆ ಮಾತಿಗೆ ಅಡ್ಡಗೆರೆ ಬಿದ್ದಿದೆ. ಅದು ಮರಳಿ ಬರದಿದ್ದರೆ ದೊಡ್ಡ ಊರುಗಳ ಕಂಪನಿಗಳು ತಮ್ಮದೇ ಹುಡುಗರನ್ನು ಕರೆತರುತ್ತವೆ. ಇಲ್ಲಿಯ ಗುಂಪುಗಳು ಬಾಗಿಲು ಹಾಕುತ್ತವೆ. ಅಡ್ಡಗೆರೆ ಬಿದ್ದದ್ದು ಯಾರ ತಪ್ಪಿನಿಂದ ಎನ್ನುವುದು ಗುಡ್ಡಮ್ಮನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರಿಗೆ ನಿದ್ದೆಯಿಲ್ಲ.

ಅವರು ಹುಟ್ಟಿದ್ದು ಕಿಗ್ಗದಿಂದಲೂ ಮೇಲೆ, ಬಸ್ಸು ತಿರುಗುವ ಜಾಗ ಬಿಟ್ಟು ಇನ್ನೂ ನಡೆಯಬೇಕಾದ ಮೇಲಿನಕೊಡಿಗೆ ಎಂಬ ಕೇರಿಯಲ್ಲಿ. ಅಪ್ಪ ಜೇನು, ಸೀಗೆ, ವಾಟೆಹುಳಿ ತಂದು ಮಾರುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಓದು ನಿಂತಿತು. "ಶಾಲೆ ದೂರ ಇತ್ತು, ಕಾಡು ಹತ್ರ ಇತ್ತು" ಎನ್ನುತ್ತಾರೆ ಗುಡ್ಡಮ್ಮ. ಅದರಲ್ಲಿ ಬೇಸರವೂ ಇಲ್ಲ, ಹೆಮ್ಮೆಯೂ ಇಲ್ಲ.

ಮದುವೆಯಾಗಿ ಕೇರಿಯ ಇನ್ನೊಂದು ತುದಿಯ ಮನೆಗೆ ಬಂದ ಹೊಸತರಲ್ಲಿ, ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಪಟ್ಟಣದ ಮಂದಿ ಅಂಗಳಕ್ಕೆ ಬಂದು ಕೋಡುಗಲ್ಲಿಗೆ ದಾರಿ ಯಾವುದು ಎಂದು ಕೇಳಿದರು. ಕೋಡುಗಲ್ಲು ಎಂದರೆ ಕೇರಿಯ ನೆತ್ತಿಯ ಮೇಲಿನ ಗುಡ್ಡ. ಅತ್ತೆ ಮಜ್ಜಿಗೆ ಕೊಟ್ಟು, ಸೊಸೆಯನ್ನು ಮುಂದೆ ಮಾಡಿ ಕಳಿಸಿದರು. ಇಳಿದು ಬಂದ ಮೇಲೆ ಅವರು ಕೈಗೆ ನೋಟು ತುರುಕಿದಾಗ ಗುಡ್ಡಮ್ಮನಿಗೆ ಅಳು ಬಂತಂತೆ. "ದಾರಿ ತೋರ್ಸಿದ್ದಕ್ಕೆ ಯಾರಾದ್ರೂ ದುಡ್ಡು ತಗೊಳ್ತಾರಾ? ನೀರು ಕೊಟ್ಟಿದ್ದಕ್ಕೆ ತಗೊಂಡ ಹಾಗಲ್ವಾ?" ಆದರೆ ಬರುವವರು ಹೆಚ್ಚಿದರು. ಒಂದು ದಿನವೆಲ್ಲ ಗುಡ್ಡದಲ್ಲೇ ಕಳೆದುಹೋದರೆ ಮನೆಯ ಕೆಲಸದ ಆಳಿಗೆ ಕೂಲಿ ಕೊಡಬೇಕಲ್ಲ. ಹಾಗೆ ಹಾಗೆ ಅದೇ ಕೆಲಸವಾಯಿತು.

ಕೆಲಸ ಕಲಿಸಿದವರು ಕೇರಿಯ ಹಿರಿಯ ಗಿಡ್ಡಯ್ಯ. ಈಗ ಎಪ್ಪತ್ತರ ಆಚೆ. ಹೆಸರಿಗೆ ಗಿಡ್ಡಯ್ಯ, ಆಳು ತಾಳೆಮರದ ಹಾಗೆ ಉದ್ದ. "ಮುಂದೆ ಹೋಗೋನಿಗೆ ಬೆನ್ನಲ್ಲಿ ಕಣ್ಣಿರ್ಬೇಕು" ಎನ್ನುವುದು ಅವರು ಹೇಳಿಕೊಟ್ಟ ಪಾಠ. ಒಂದು ವರ್ಷ ಗೈಡ್ ಇಲ್ಲದೆ ಹತ್ತಿದ ಗುಂಪೊಂದು ಮಂಜಿನಲ್ಲಿ ದಾರಿ ತಪ್ಪಿತು. ಹುಡುಕಿ, ಹೊತ್ತು, ಜೀವಸಹಿತ ಇಳಿಸಿ ತಂದವರು ಗಿಡ್ಡಯ್ಯ ಮತ್ತು ಅವರ ಜೊತೆಯವರು. ಅದಾದ ಮೇಲೆ ಗುಡ್ಡದ ದಾರಿಗಳೇ ಮುಚ್ಚಿದವು. ಆಮೇಲೆ ತೆರೆದವು, ಮತ್ತೆ ಮುಚ್ಚಿದವು. ಕೊನೆಗೆ, ಎಲ್ಲಕ್ಕೂ ಒಂದು ನಿಯಮ ಮಾಡೋಣ ಎಂದು ಶಾಸಕರ ಸಮಿತಿ ರಚನೆಯಾಯಿತು.

ಮೂರು ತಾಲ್ಲೂಕಿನ ಗೈಡ್‌ಗಳು ಆಗಲೇ ಸೇರಿ ಸಂಘ ಮಾಡಿಕೊಂಡಿದ್ದರು. ಶಾಸಕರ ಹತ್ತಿರ ಮಾತಾಡಲು ಮೊದಲು ಹೋದವರು ಇಸ್ತ್ರಿ ಅಂಗಿಯವರು. ಹೋದವರೆಲ್ಲ ಶಾಸಕರ ಜೊತೆ ಫೋಟೊ ತೆಗೆಸಿಕೊಂಡು ಬಂದರು. ಫೋಟೊ ಚೆನ್ನಾಗಿತ್ತು, ಕೆಲಸ ಆಗಲಿಲ್ಲ. "ಗುಡ್ಡಮ್ಮನ್ನ ಕಳ್ಸಿ. ಅವಳ ಫೋಟೊ ಹೇಗೂ ಚೆನ್ನಾಗಿ ಬರೋದಿಲ್ಲ, ಕೆಲಸನಾದ್ರೂ ಆಗ್ಲಿ" ಎಂದವರು ಗಿಡ್ಡಯ್ಯ. ಎಲ್ಲರೂ ನಕ್ಕರು. ಮರುವಾರ ಗುಡ್ಡಮ್ಮ ಬಸ್ಸು ಹತ್ತಿದರು.

ಅವರ ರೀತಿಯೇ ಬೇರೆ. ಕಚೇರಿಯಲ್ಲಿ ಕೂತವರ ಎದುರು ಅವರು ನಿಲ್ಲುವುದಿಲ್ಲ. "ಕೂತವ್ರ ಕಿವಿಗೆ ಹತ್ತು ಜನ ನೇತಾಡ್ತಿರ್ತಾರೆ. ನಡೆಯೋರ ಕಿವಿ ಖಾಲಿ ಇರ್ತದೆ. ಗುಡ್ಡದಲ್ಲಿ ನೋಡಿದೀನಲ್ಲ, ಮಾತೇ ಆಡ್ದಿರೋ ಜನ ಹತ್ತು ಮಾರು ನಡೆದ ಮೇಲೆ ಮನೆಕತೆ ಎಲ್ಲ ಹೇಳ್ತಾರೆ." ಹಾಗಾಗಿ ಯಾವ ಶಾಸಕರಿಗೆ ಬೆಳಗಿನ ವಾಕಿಂಗ್ ಇದೆ, ಯಾರಿಗೆ ಮೊಣಕಾಲು ನೋವು, ಯಾರು ಚಹಾ ಕುಡಿಯುವ ಮೊದಲು ಮಾತಾಡಿಸಿದರೆ ಸಿಡುಕುತ್ತಾರೆ, ಇದೆಲ್ಲ ಡ್ರೈವರುಗಳಿಂದ, ಅಡುಗೆಯವರಿಂದ ತಿಳಿದುಕೊಂಡಿರುತ್ತಾರೆ. ಇದಕ್ಕೆ ಮನೆಯಲ್ಲಿ ಸಿಗುವ ಮರ್ಯಾದೆ ಬೇರೆ. "ದನ ಮೇಯಿಸೋದು ನಾನು, ಶಾಸಕರನ್ನ ಮೇಯಿಸೋದು ಇವ್ಳು. ಹಾಲು ಕೊಡೋದು ಮಾತ್ರ ನನ್ನ ಕಡೇದೇ" ಎಂದು ಗಂಡ ಬೂತಪ್ಪ ಬಂದವರ ಎದುರೇ ಛೇಡಿಸುತ್ತಾರೆ.

ಇನ್ನೊಂದು ಕಟ್ಟುಪಾಡನ್ನು ಗುಡ್ಡಮ್ಮ ತಮಗೆ ತಾವೇ ಹಾಕಿಕೊಂಡಿದ್ದಾರೆ. ಸಾವಿನ ಮನೆಯಲ್ಲಿ, ಮದುವೆ ಮನೆಯಲ್ಲಿ, ದೇವಸ್ಥಾನದಲ್ಲಿ ಯಾವ ಶಾಸಕರು ಎದುರಾದರೂ ಕೆಲಸದ ಮಾತು ಎತ್ತುವುದಿಲ್ಲ. ಉಳಿದವರೆಲ್ಲ ಅಂಥ ಕಡೆಯೇ ಹಿಡಿದು ಹ್ಞೂಂ ಅನ್ನಿಸಿಕೊಳ್ಳುತ್ತಾರೆ. "ಅಲ್ಲಿ ಇಲ್ಲ ಅನ್ನೋಕೆ ಆಗೋದಿಲ್ಲ ಮಾರಾಯ್ರೆ. ಇಲ್ಲ ಅನ್ನೋಕಾಗ್ದಿರೋ ಕಡೆ ಅನ್ಸಿಕೊಂಡ ಹ್ಞೂಂ, ಹ್ಞೂಂ ಅಲ್ಲ."

ಇಷ್ಟೆಲ್ಲ ಜಾಣತನ ಇದ್ದೂ ಆ ಒಂದು ತಪ್ಪು ಆಗಿಹೋಯಿತು.

ಸಮಿತಿಯವರನ್ನು ಕೋಡುಗಲ್ಲಿಗೆ ಕರೆತಂದು ದಾರಿ ತೋರಿಸಬೇಕೆಂದು ಗುಡ್ಡಮ್ಮ ಒಂದು ವರ್ಷ ಅಲೆದಿದ್ದರು. ಕೊನೆಗೆ, ಬರುತ್ತೇವೆ ಎಂಬ ಸುದ್ದಿ ಬಂತು. ಕೇರಿಗೆ ಹಬ್ಬ ಬಂದ ಹಾಗಾಯಿತು. ಆ ಕಡೆಯ ಊರುಗಳಲ್ಲಿ ದೇವರ ಪಲ್ಲಕ್ಕಿ ಬರುವ ಮುನ್ನ ದಾರಿ ಸವರುವುದು ರೂಢಿ. ಮನೆಗೊಂದಾಳು ಕತ್ತಿ ಹಿಡಿದು ಹೊರಟು, ಚಾಚಿದ ಕೊಂಬೆ, ಮುಳ್ಳು, ಬಳ್ಳಿ ಎಲ್ಲ ಸವರಿ ಹಾಕುತ್ತಾರೆ. ನೆಂಟರು ಬರುತ್ತಾರೆಂದರೆ ಅಂಗಳದಿಂದ ತೋಡಿನ ತನಕವೂ ಅದೇ. ಶಾಸಕರ ಸಮಿತಿ ಎಂದರೆ ಎಂಥ ನೆಂಟರು! ಗಿಡ್ಡಯ್ಯ ಮುಂದೆ ನಿಂತರು. ಕಮ್ಮರಡಿಯಿಂದಲೂ ಬೇಗಾರಿನಿಂದಲೂ ಆಳುಗಳು ಬಂದರು. ಮೊಣಕಾಲೆತ್ತರದ ಜರಿಗಿಡ ಎಲ್ಲ ಹೋಯಿತು. ಜಾರುವ ಕಡೆ ಮೆಟ್ಟಿಲು ಕಡಿದರು. ಹಳ್ಳ ದಾಟಲು ಅಡಿಕೆ ದಬ್ಬೆಯ ಸಂಕ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದರು. ಹೆಂಗಸರು ಕೊಟ್ಟೆ ಕಡುಬು ಬೇಯಿಸಿ ತಲೆಹೊರೆಯಲ್ಲಿ ಗುಡ್ಡದ ನೆತ್ತಿಗೆ ಮುಟ್ಟಿಸಿದರು.

ಶಾಸಕರು ಬಂದರು. ಬಿಳಿ ಪಂಚೆಗೆ ಒಂದು ಮುಳ್ಳೂ ತಾಗಲಿಲ್ಲ. ನಗುತ್ತ ಹತ್ತಿದರು, ಕಡುಬು ಉಂಡರು, ಅಪ್ಪೆಮಿಡಿ ಉಪ್ಪಿನಕಾಯಿ ನೆಕ್ಕಿದರು, ನಗುತ್ತ ಇಳಿದರು. ದಾರಿ ಸಲೀಸಾಗಿದೆ, ಕವಲಿನಲ್ಲಿ ಬಾಣದ ಗುರುತಿನ ಬೋರ್ಡು ಹಾಕಿದರೆ ಸಾಕು, ಗೈಡ್ ಬೇಕೆಂಬ ಕಡ್ಡಾಯ ಬೇಡ ಎಂದು ವರದಿ ಬರೆದರು. ಇತ್ತ ಹಸಿರು ಗಿಡ ಕಡಿದದ್ದಕ್ಕೆ ಫಾರೆಸ್ಟ್ ಗಾರ್ಡ್ ಬಂದು ಕೇರಿಯವರಿಗೆ ಬೈದು ಹೋದರು. ಅದೊಂದು ಬೇರೆ.

ಸುದ್ದಿ ಬಂದ ದಿನ ಗಿಡ್ಡಯ್ಯ ಜಗಲಿಯ ಮೇಲೆ ಕೂತು ತಲೆ ಚಚ್ಚಿಕೊಂಡರಂತೆ. "ನಮ್ಮ ಕತ್ತೀಲಿ ನಮ್ಮ ಕುತ್ತಿಗೇನೇ ಸವರ್ಕೊಂಡ್ವಲ್ಲೇ ಗುಡ್ಡೀ!"

"ಸವರ್ಬೇಡಿ ಅಂತ ನಾನೂ ಹೇಳ್ಲಿಲ್ಲ ಅಣ್ಣಯ್ಯ" ಎಂದರು ಗುಡ್ಡಮ್ಮ. "ನನ್ಗೂ ಹೊಳೀಲಿಲ್ಲ. ಬರೋರಿಗೆ ಮುಳ್ಳು ಚುಚ್ಚಿಸ್ಬೇಕು ಅಂತ ಯಾರಿಗೆ ಹೊಳೀತದೆ?"

ಅಲ್ಲಿಂದ ಶುರುವಾದದ್ದು ಕೊಪ್ಪದ ಆ ಬೆಳಗಿನಂಥ ಬೆಳಗುಗಳು. ಸಮಿತಿಯ ಒಬ್ಬೊಬ್ಬ ಸದಸ್ಯರನ್ನೂ ಹುಡುಕಿ ಹೋಗಿ ಗುಡ್ಡಮ್ಮ ಪಕ್ಕದಲ್ಲಿ ನಡೆದರು. ಎಲ್ಲರ ಬಾಯಲ್ಲೂ ಒಂದೇ ಮಾತು: ದಾರಿ ಚೆನ್ನಾಗಿದೆಯಲ್ಲಮ್ಮ. ಅದು ನಾವೇ ಸವರಿದ್ದು ಎಂದರೆ, ಹಾಗಾದರೆ ವರ್ಷಾ ವರ್ಷಾ ಸವರಿಸಿದರಾಯಿತು ಎಂದರು ಒಬ್ಬರು. ಇನ್ನೊಬ್ಬರು, ನಮ್ಮನ್ನು ಮಂಗ ಮಾಡಿದಿರಾ ಎಂದು ಮುಖ ತಿರುಗಿಸಿಕೊಂಡರು. ಮಳೆಗಾಲ ಬಂತು, ಹೋಯಿತು. ಸಂಕ ಹಳ್ಳದ ನೀರಿಗೆ ಕೊಚ್ಚಿಹೋಯಿತು. ಕಾಡು ತನ್ನ ಜಾಗ ತಾನು ವಾಪಸು ತೆಗೆದುಕೊಂಡಿತು.

ನವರಾತ್ರಿಯ ಒಂದು ದಿನ ಗುಡ್ಡಮ್ಮ ಅಮ್ಮನವರ ದರ್ಶನಕ್ಕೆಂದು ಶೃಂಗೇರಿಗೆ ಹೋಗಿದ್ದರು. ತುಂಗೆಯ ಮೆಟ್ಟಿಲ ಮೇಲೆ ಮೀನಿಗೆ ಮಂಡಕ್ಕಿ ಹಾಕುತ್ತಿದ್ದ ಪುಟ್ಟ ಹುಡುಗಿಯ ಹಿಂದೆ ನಿಂತವರನ್ನು ನೋಡಿದರೆ, ಸಮಿತಿಯ ಅಧ್ಯಕ್ಷರಾದ ಶಾಸಕ ಜಯಪ್ರಕಾಶ್. ಬಯಲುಸೀಮೆಯವರು. ಮೊಮ್ಮಗಳಿಗೆ ಅಕ್ಷರಾಭ್ಯಾಸ ಮಾಡಿಸಲು ಬಂದಿದ್ದರು. ಇಷ್ಟು ತಿಂಗಳು ಗುಡ್ಡಮ್ಮನ ಕೈಗೆ ಸಿಗದಿದ್ದವರು ಅವರೊಬ್ಬರೇ. ಆದರೆ ಸಿಕ್ಕಿದ್ದು ದೇವರ ಸನ್ನಿಧಿಯಲ್ಲಿ. ಗುಡ್ಡಮ್ಮ ಸೆರಗು ಹೊದ್ದು ಪಕ್ಕಕ್ಕೆ ಸರಿದು ಹೊರಟರು. ಅವರೇ ಕರೆದರು.

"ಏ ತಾಯಿ, ಕಡುಬು ಹಾಕ್ದವರಲ್ವಾ ನೀವು? ಏನು ದಾರಿ, ಏನು ಊಟ! ನಮ್ಮೂರಲ್ಲಿ ಎಲ್ಲರಿಗೂ ಹೇಳ್ಕಂಡು ತಿರುಗ್ತಿದೀನಿ."

"ಊಟ ಆಯ್ತಾ ಸ್ವಾಮಿ?"

"ಆಗ್ತದೆ. ಏನೋ ಹೇಳಂಗಿದೀರಿ, ಹೇಳಿ."

"ಇಲ್ಲಿ ಹೇಳೋದಲ್ಲ."

"ಮತ್ತೆಲ್ಲಿ?"

"ನಾಳೆ ಬೆಳಿಗ್ಗೆ ವಾಕಿಂಗ್ ಹೋಗೋದಾದ್ರೆ ಹೇಳಿ ಸ್ವಾಮಿ. ಕಿಗ್ಗದಲ್ಲಿ ಕಾಯ್ತೇನೆ."

ಜಯಪ್ರಕಾಶ್ ನಕ್ಕರು. ಕಡುಬಿನ ಆಸೆಯೋ ಏನೋ, ಮರುದಿನ ಕಾರು ಬಂತು. ಈ ಸಲ ಗುಡ್ಡಮ್ಮ ಕೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಿಡ್ಡಯ್ಯನಿಗೂ ಹೇಳಿರಲಿಲ್ಲ. ಹೇಳಿದರೆ ಕತ್ತಿ ಹಿಡಿದು ಹೊರಟುಬಿಡುತ್ತಾರೆ ಎನ್ನುವ ಹೆದರಿಕೆ. ಕೈಯಲ್ಲಿ ಎರಡು ಕೋಲು, ಸೊಂಟದಲ್ಲಿ ಸುಣ್ಣದ ಡಬ್ಬಿ, ಅಷ್ಟೇ.

ಗದ್ದೆಯಂಚು ದಾಟಿ ಕಾಡಿನ ಬಾಯಿಗೆ ಬಂದಾಗ ಶಾಸಕರು ನಿಂತರು. ಎದುರಿಗೆ ಎದೆಮಟ್ಟದ ಹಸಿರು.

"ದಾರಿ ಎಲ್ಲಮ್ಮ?"

"ನೀವು ನಿಂತಿರೋದೇ ದಾರಿ ಸ್ವಾಮಿ."

ನಡೆದರು. ಮುಳ್ಳುಬಳ್ಳಿ ಅಂಗಿಯ ತೋಳು ಹರಿಯಿತು. ಕವಲು ಬಂದಲ್ಲಿ ಶಾಸಕರು ಅಗಲವಾಗಿ ಕಂಡ ಕಡೆ ತಿರುಗಿದರು. ಅದು ಕಾಡುಹಂದಿ ಮಾಡಿಕೊಂಡ ದಾರಿ ಎಂದು ಗುಡ್ಡಮ್ಮ ಹಿಂದೆ ಕರೆದರು. ಮೆಟ್ಟಿಲಿದ್ದಲ್ಲಿ ಬರೀ ಕೆಸರು. ಜಿಗಣೆ ಕಾಲುಚೀಲದೊಳಗೆ ಇಳಿದು, ಹೊಟ್ಟೆ ತುಂಬಿಸಿಕೊಂಡು ತಾನಾಗಿಯೇ ಉದುರಿತು. ಸಂಕ ಇಲ್ಲದ ಹಳ್ಳದ ದಡಕ್ಕೆ ಬಂದಾಗ ಅವರಿಗೆ ಸಾಕಾಗಿತ್ತು. ಬಂಡೆಯ ಮೇಲೆ ಕೂತರು. ಗುಡ್ಡಮ್ಮ ಅವರ ಕಣಕಾಲಿಗೆ ಸುಣ್ಣ ಹಚ್ಚಿದರು.

"ಹಂಗಾದ್ರೆ ಅವತ್ತು ನಾವು ನಡೆದಿದ್ದು?"

"ಅವತ್ತು ನೀವು ನೆಂಟ್ರು ಸ್ವಾಮಿ."

"ಇವತ್ತು?"

"ಇವತ್ತು ಗಿರಾಕಿ."

ಶಾಸಕರು ಬಂಡೆ ತಟ್ಟಿಕೊಂಡು ನಕ್ಕರು. ನಗು ನಿಂತ ಮೇಲೆ, "ಅವತ್ತೇ ಹಿಂಗೇ ಬಿಡಬೇಕಾಗಿತ್ತು ಕಣಮ್ಮ ನೀವು" ಎಂದರು.

"ಹೇಗೆ ಬಿಡೋದು ಸ್ವಾಮಿ? ನೀವು ಬರ್ತೀರಿ ಅಂತ ಗೊತ್ತಿದ್ದೂ ಅಂಗಳ ಗುಡಿಸ್ದೆ ಇರೋದಾ? ನೀವು ಬಿಡ್ತಿದ್ರಾ ನಿಮ್ಮನೇಲಿ?"

ಆ ದಿನ ಗುಡ್ಡದ ತುದಿ ಮುಟ್ಟಲಿಲ್ಲ. ವಾಪಸು ಬಂದು ಗುಡ್ಡಮ್ಮನ ಮನೆಯಲ್ಲಿ ಗಂಜಿ ಉಂಡು ಹೋದರು. ಯಾವ ಮಾತೂ ಕೊಡಲಿಲ್ಲ. ಗುಡ್ಡಮ್ಮ ಕೇಳಲೂ ಇಲ್ಲ.

ಕಾರ್ತಿಕ ಕಳೆಯುವ ಹೊತ್ತಿಗೆ ಬೆಂಗಳೂರಿನಿಂದ ಫೋನು ಬಂತು. ಸಮಿತಿಯ ಕೊನೆಯ ಸಭೆ, ಬಂದು ಹೋಗಿ ಎಂದು. ಗುಡ್ಡಮ್ಮ ಹೋದರು. ಬೆಳಿಗ್ಗೆ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಜಯಪ್ರಕಾಶ್ ಪಕ್ಕದಲ್ಲಿ ನಡೆದರು. ಅಡ್ಡಗೆರೆ ಬಿದ್ದ ಮಾತು ವಾಪಸು ಬಂದಿದೆ, ಊರಿನ ಗೈಡ್ ಕಡ್ಡಾಯ ಎಂದರು ಅವರು. ಗುಡ್ಡಮ್ಮ ಕೈ ಮುಗಿಯುವುದರೊಳಗೆ ಇನ್ನೊಂದು ಮಾತು ಬಂತು. ಗೈಡ್ ಎಂದರೆ ಯಾರೋ ಒಬ್ಬರಲ್ಲ. ಹತ್ತನೇ ತರಗತಿ ಪಾಸಾಗಿರಬೇಕು, ತರಬೇತಿ ಮುಗಿಸಿ ಕಾರ್ಡು ತೆಗೆದುಕೊಂಡಿರಬೇಕು. ಉಳಿದ ಸದಸ್ಯರನ್ನು ಒಪ್ಪಿಸಲು ಇದೊಂದನ್ನು ಸೇರಿಸಬೇಕಾಯಿತು.

"ನಮ್ಮ ಹಿರೀರು ಯಾರೂ ಅಷ್ಟು ಓದಿಲ್ಲ ಸ್ವಾಮಿ."

"ಗೊತ್ತಮ್ಮ. ಅದನ್ನ ತೆಗೀರಿ ಅಂತ ನಾನು ಹಟ ಹಿಡಿದ್ರೆ ಇಡೀ ನಿಯಮನೇ ಮುಂದಕ್ಕೆ ಹೋಗ್ತದೆ. ಮುಂದೆ ನಾನಿರ್ತೀನೋ, ಇನ್ಯಾರಿರ್ತಾರೋ. ಈಗಲೇ ಹೇಳಿ, ಬೇಕಾ, ಬ್ಯಾಡ್ವಾ?"

"ನಾನು ಹೇಳೋದಲ್ಲ. ಕೇಳ್ಕೊಂಡು ಬರ್ತೇನೆ. ಎರಡು ದಿನ ಕೊಡಿ."

ಪಕ್ಕದಲ್ಲಿದ್ದ ಆಪ್ತ ಸಹಾಯಕ ವಿಘ್ನೇಶನಿಗೆ ಆಶ್ಚರ್ಯ. "ಫೋನಲ್ಲೇ ಕೇಳಬಹುದಲ್ಲಮ್ಮ?" ಎಂದರಂತೆ. "ಒಬ್ರ ಕೆಲಸ ಹೋಗೋ ಮಾತನ್ನ ಫೋನಲ್ಲಿ ಕೇಳ್ತಾರಾ ಮಗಾ?" ಎಂದು ಹೇಳಿ ಗುಡ್ಡಮ್ಮ ಬಸ್ಸು ಹತ್ತಿದರು.

ಗಿಡ್ಡಯ್ಯನ ಅಂಗಳದಲ್ಲಿ ಎಲ್ಲರೂ ಸೇರಿದರು. ಗುಡ್ಡಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೆಚ್ಚಗೆ ಕೂತಿದ್ದವರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ಬೇಡವೇ ಬೇಡ ಎಂದರು ಕಮ್ಮರಡಿಯವರು. ಗುಡ್ಡಮ್ಮನ ಅಣ್ಣನ ಮಗಳು ನವ್ಯಾ ಮಾತ್ರ ಬಾಯಿ ಬಿಡಲಿಲ್ಲ. ಡಿಗ್ರಿ ಮುಗಿಸಿ, ಕೇರಿಯಲ್ಲೇ ಉಳಿದು ನಾಲ್ಕು ವರ್ಷದಿಂದ ಗೈಡ್ ಆಗಿದ್ದ ಅವಳಿಗೆ ಕಾರ್ಡು ಸಿಗುವುದು ಖಂಡಿತ. ಅದಕ್ಕೇ ಮಾತಾಡಲು ನಾಚಿಕೆ.

ಗಿಡ್ಡಯ್ಯ ಕವಳದ ತಟ್ಟೆಯಲ್ಲಿ ಅಡಿಕೆ ಹೋಳು ಹುಡುಕುತ್ತಲೇ ಕೇಳಿದರು. "ಹತ್ತನೇ ಕ್ಲಾಸು ಪಾಸಾದೋರಿಗೆ ಜಿಗಣೆ ಕಚ್ಚೋದಿಲ್ವಂತಾ?"

ಯಾರೂ ನಗಲಿಲ್ಲ.

"ಎಂತ ಮುಖ ಮಾಡ್ಕೊಂಡು ಕೂತಿದೀರಿ ಮಾರಾಯ್ರೆ, ನಾನು ಸತ್ತ ಹಾಗೆ! ನನ್ನ ಕಾಲು ಇನ್ನೆಷ್ಟು ಕಾಲ ಹತ್ತುತ್ತದೆ? ನಾನು ಹೋಗೋದಿಲ್ಲ ಅಂತ ಇವೆಲ್ಲ ಹುಡುಗ್ರು ಮನೇಲಿ ಕೂರ್ಬೇಕಾ? ಬರ್ಸ್ಕೊಂಡು ಬಾ ಗುಡ್ಡೀ."

"ಅಜ್ಜ, ಅತ್ತೆಗೂ ಕಾರ್ಡ್ ಸಿಗೋದಿಲ್ಲ" ಎಂದಳು ನವ್ಯಾ. ಆಗ ಎಲ್ಲರೂ ಗುಡ್ಡಮ್ಮನ ಕಡೆ ನೋಡಿದರು. ಅಲ್ಲಿಯ ತನಕ ಅದು ಯಾರಿಗೂ ಹೊಳೆದಿರಲಿಲ್ಲ.

"ನನ್ನ ಮಾತು ಬಿಡು. ನಾನು ಗುಡ್ಡ ಬಿಟ್ಟು ಶಾಸಕರ ಹಿಂದೆ ನಡೆಯೋಕೆ ಶುರು ಮಾಡಿ ಬಹಳ ಕಾಲ ಆಯ್ತು" ಎಂದರು ಗುಡ್ಡಮ್ಮ. ಹೇಳಿ ಒಳಗೆ ಹೋಗಿ ನೀರು ಕುಡಿದು ಬಂದರು.

ನಿಯಮ ಬಂತು. ನವ್ಯಾಳಿಗೂ ಮೂರು ತಾಲ್ಲೂಕಿನ ಇನ್ನಷ್ಟು ಹುಡುಗ ಹುಡುಗಿಯರಿಗೂ ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡು ಬಂತು. ಕಮ್ಮರಡಿಯ ಜೀಪುಗಳು ಓಡುತ್ತಿವೆ. ಬೇಗಾರಿನ ಒಲೆಗಳು ಬೆಳಗಾಗುವ ಮೊದಲೇ ಉರಿಯುತ್ತಿವೆ. ಕಾರ್ಡು ಸಿಕ್ಕ ಮಕ್ಕಳೇ ಸೇರಿ ಒಂದು ತೀರ್ಮಾನ ಮಾಡಿಕೊಂಡಿದ್ದಾರೆ. ಮಂಜಿನ ದಿನಗಳಲ್ಲಿ ಹಿರಿಯರಿಲ್ಲದೆ ಹತ್ತುವುದಿಲ್ಲ. ಗೈಡ್ ಇರಬೇಕು ಎಂದು ನಿಯಮ ಹೇಳುತ್ತದೆ. ಜೊತೆಗೆ ಇನ್ನೊಬ್ಬರು ಬರಬಾರದು ಎಂದೇನೂ ಹೇಳಿಲ್ಲ.

ಆದರೆ ಕಾರ್ಡಿಲ್ಲದವರು ಕಾಡಿಗೆ ಕಾಲಿಡಬೇಕಾದರೆ ಟಿಕೆಟ್ ಬೇಕು. ಟಿಕೆಟ್ ಇರುವುದು ಫೋನಿನಲ್ಲಿ. ಮುಂದಿನ ವರ್ಷದ ಮಾಗಿಯ ಒಂದು ಬೆಳಿಗ್ಗೆ ಕೋಡುಗಲ್ಲಿನ ಗೇಟಿನ ಬಳಿ, ಹೊರ ಊರಿನ ಗುಂಪೊಂದು ಚೀಲ ಬಿಗಿದುಕೊಂಡು ಕಾಯುತ್ತಿದೆ. ನವ್ಯಾ ಫೋನು ಹಿಡಿದು ಗಿಡ್ಡಯ್ಯನ ಎದುರು ನಿಂತಿದ್ದಾಳೆ.

"ಅಜ್ಜ, ಎಲ್ಲಿಂದ ಬಂದಿದ್ದು ಅಂತ ಕೇಳ್ತಿದೆ."

"ಎಲ್ಲಿಂದ ಅಂದ್ರೆ? ಮನೆಯಿಂದ."

"ಈ ಮುಂಚೆ ಗುಡ್ಡ ಹತ್ತಿ ಅಭ್ಯಾಸ ಇದ್ಯಾ ಅಂತ ಕೇಳ್ತಿದೆ."

"ಇಲ್ಲ ಅಂತ ಬರಿ. ಹೊಸಬ್ರ ಮೇಲೆ ನಿಗಾ ಜಾಸ್ತಿ ಇಡ್ತಾರೆ."

"ಕೊನೇದು. ದಾರಿಯಲ್ಲಿ ಗೈಡ್ ಹೇಳಿದ ಮಾತು ಕೇಳ್ತೇನೆ ಅಂತ ಒಪ್ಕೋಬೇಕು."

"ಯಾರಪ್ಪ ಗೈಡ್?"

"ನಾನೇ ಅಜ್ಜ."

"ಆಯ್ತು ಮಾರಾಯ್ತಿ. ಕೇಳ್ತೇನೆ."

ಗೇಟಿನವನು ಟಿಕೆಟ್ ನೋಡಿ ತಲೆ ತಗ್ಗಿಸಿ ಸರಪಳಿ ತೆಗೆಯುತ್ತಾನೆ. ನವ್ಯಾ ಮುಂದೆ, ಗಿರಾಕಿಗಳು ನಡುವೆ, ಗಿಡ್ಡಯ್ಯ ಎಲ್ಲರ ಹಿಂದೆ. ಅವರ ಉದ್ದನೆಯ ಆಕಾರ ಬಹಳ ಹೊತ್ತು ಕಾಣುತ್ತದೆ. ಗೇಟಿನ ಈಚೆ ನಿಂತವರು ಗುಡ್ಡಮ್ಮ. ನಿಯಮ ಬಂದ ಮೇಲೆ ಅವರು ಒಂದು ಸಲವೂ ಕೋಡುಗಲ್ಲು ಹತ್ತಿಲ್ಲ. ನವ್ಯಾ ಎಷ್ಟು ಸಲ ಕರೆದರೂ ಟಿಕೆಟ್ ಮಾಡಿಸಿಕೊಳ್ಳುವುದಿಲ್ಲ.

"ಒಂದ್ಸಲ ಟಿಕೆಟ್ ತಗೊಂಡು ಹತ್ತಿದೆ ಅಂತ ಇಟ್ಕೊಳ್ಳಿ. ಆಮೇಲೆ, ಇದು ಸರಿಯಲ್ಲ ಅಂತ ಕೇಳೋಕೆ ನನಗೆ ಬಾಯಿ ಬರ್ತದಾ? ಅಣ್ಣಯ್ಯ ಹತ್ಲಿ. ಅವ್ರು ಕೇಳೋಕೆ ಹೋಗೋದಿಲ್ಲ. ಕೇಳೋಳು ನಾನು."

ಮುಂದಿನ ವಾರ ಯಾವ ಶಾಸಕರು ಯಾವ ಊರಿನಲ್ಲಿ ತಂಗುತ್ತಾರೆ ಎಂದು ಅವರು ಆಗಲೇ ವಿಚಾರಿಸಿಟ್ಟುಕೊಂಡಿದ್ದಾರೆ. ಈ ಸಲದ ಬೇಡಿಕೆ ಏನು ಎಂದು ಕೇಳಿದರೆ, ಗಿಡ್ಡಯ್ಯ ಮರೆಯಾದ ತಿರುವಿನ ಕಡೆಗೇ ನೋಡುತ್ತ ಹೇಳುತ್ತಾರೆ:

"ದೊಡ್ಡದು ಎಂತದೂ ಇಲ್ಲ. ಅಣ್ಣಯ್ಯನ್ನ 'ಎಲ್ಲಿಂದ ಬಂದಿದ್ದು' ಅಂತ ಯಾರೂ ಕೇಳ್ಬಾರ್ದು. ಅವ್ರ ಕಾಲು ಗಟ್ಟಿ ಇರೋದ್ರೊಳಗೆ ಅಷ್ಟಾಗ್ಬೇಕು."